ಬೇಗ ಏಳುವುದು ಬೇರೆ, ಬೆಳಗು ನೋಡುವುದು ಬೇರೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬೇಗ ಏಳುವುದರ ಲಾಭಗಳ ಬಗ್ಗೆ ಒಂದು ಲೇಖನ ಬಂದಿತ್ತು. ಅದರಲ್ಲಿ ಹೇಳಿದ್ದು ಯಾವುದೂ ತಪ್ಪಲ್ಲ. ಆದರೆ ಓದಿ ಪತ್ರಿಕೆ ಮಡಚಿಟ್ಟ ಮೇಲೂ ಒಂದು ಮಾತು ಮನಸ್ಸಿನಲ್ಲೇ ಕೊರೆಯುತ್ತಿತ್ತು, ಬರೆಯದೆ ಇರಲಾಗಲಿಲ್ಲ. ನಾನು ಮದುವೆಯಾಗಿ ಕೊಡಗಿನ ಚೇರಂಬಾಣೆ ಕಡೆಯ ಈ ಮನೆಗೆ ಬಂದದ್ದು 2003ರಲ್ಲಿ. ಅಂದಿನಿಂದ ಬೆಳಿಗ್ಗೆ ಐದಕ್ಕೆ ಏಳದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಹಾಗಿದ್ದೂ ಹದಿನೈದು ವರ್ಷ ನಾನು ಬೆಳಗು ಎಂದರೆ ಏನೆಂದು ನೋಡಿರಲಿಲ್ಲ.

ಎದ್ದ ಕೂಡಲೇ ಹಂಡೆ ಒಲೆಗೆ ಬೆಂಕಿ. ಆಮೇಲೆ ಕಾಫಿ, ರೊಟ್ಟಿ, ಚಟ್ನಿ, ಮಕ್ಕಳ ಡಬ್ಬಿ, ಶಾಲೆಯ ಬಸ್ಸು. ನಮ್ಮ ಅಡುಗೆಮನೆ ಕಿಟಕಿಯಿಂದ ಕಾಣುವುದು ಸೌದೆ ಕೊಟ್ಟಿಗೆ ಮಾತ್ರ. ಎಲ್ಲ ಮುಗಿಸಿ ಕೈ ಒರೆಸಿಕೊಂಡು ಅಂಗಳಕ್ಕೆ ಕಾಲಿಡುವಾಗ ಒಂಬತ್ತು ಗಂಟೆ, ಬಿಸಿಲು ಹೆಂಚಿನ ಮೇಲೆ ಬಂದು ಕೂತಿರುತ್ತಿತ್ತು. ಬೆಳಿಗ್ಗೆ ಎಂದರೆ ನನಗೆ ಗಡಿಯಾರದ ಮುಳ್ಳು ಮತ್ತು ಹೊಗೆ, ಅಷ್ಟೇ. ಕೊಡಗಿನ ಸಾವಿರಾರು ಹೆಂಗಸರಿಗೆ ಇವತ್ತಿಗೂ ಅಷ್ಟೇ. ಅವರಿಗೆ ಇನ್ನೂ ಬೇಗ ಏಳಿ ಎಂದು ಹೇಳುವ ಅಗತ್ಯವಿಲ್ಲ, ಎದ್ದ ಮೇಲೆ ಹತ್ತು ನಿಮಿಷ ಹೊರಗೆ ಬನ್ನಿ ಎಂದು ಹೇಳುವವರು ಬೇಕು. ನನಗೆ ಹಾಗೆ ಹೇಳಿದ್ದು ನಮ್ಮ ಮಾವ. ಅದೂ ಬಾಯಿ ಬಿಟ್ಟು ಹೇಳಿದ್ದಲ್ಲ.

ಕೊಡಗಿನ ತೋಟದ ಮನೆಗಳಲ್ಲಿ ಮಳೆ ಅಳೆಯುವ ಪದ್ಧತಿ ನಿಮ್ಮ ಓದುಗರಿಗೆ ಗೊತ್ತೇ ಇದೆ. ಸರ್ಕಾರದ ಲೆಕ್ಕ ಮಿಲಿಮೀಟರಿಗೆ ಬಂದು ಎಷ್ಟೋ ಕಾಲವಾಯಿತು, ನಮ್ಮಲ್ಲಿ ಈಗಲೂ ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ದಾರಿಯಲ್ಲಿ ಇಬ್ಬರು ಸಿಕ್ಕಿದರೆ ಕ್ಷೇಮ ಸಮಾಚಾರಕ್ಕಿಂತ ಮೊದಲು ‘ನಿಮ್ಮಲ್ಲಿ ಎಷ್ಟು?’ ಎಂದೇ ಕೇಳುತ್ತಾರೆ. ಮಾವ 1979ರಿಂದ ಒಂದು ದಿನ ಬಿಡದೆ ಬರೆದಿಟ್ಟ ಲೆಕ್ಕದ ಪುಸ್ತಕಗಳು ನಮ್ಮ ಮನೆಯ ಕಪಾಟಿನಲ್ಲಿವೆ. 2018ರ ಮೇ ತಿಂಗಳಲ್ಲಿ ಅವರ ಎರಡೂ ಕಣ್ಣಿಗೆ ಪೊರೆ ಬಂದು ಮಳೆನೀರು ಅಳೆಯುವ ಗ್ಲಾಸಿನ ಗೆರೆ ಕಾಣದಂತಾಯಿತು. ಯಜಮಾನರು ಬೆಳಿಗ್ಗೆ ಮಳೆ ಅಳೆಯುವ ಹೊತ್ತಿಗೆ ಕೆಲಸದವರನ್ನು ಕರೆತರಲು ಹೋಗುತ್ತಾರೆ, ಮಕ್ಕಳು ಇನ್ನೂ ಹಾಸಿಗೆಯಲ್ಲಿ. ಪುಸ್ತಕ ನನ್ನ ಕೈಗೆ ಬಂತು. ಮಾವ ಹಾಕಿದ ಷರತ್ತು ಒಂದೇ: ಹೊತ್ತು ತಪ್ಪಬಾರದು. ಆರೂವರೆಗೆ ಎಂದರೆ ಆರೂವರೆಗೇ. ಒಂದು ದಿನ ಆರೂವರೆ, ಮರುದಿನ ಎಂಟೂವರೆ ಮಾಡಿದರೆ ಇಪ್ಪತ್ತನಾಲ್ಕು ಗಂಟೆಯ ಲೆಕ್ಕವೇ ಸುಳ್ಳಾಗುತ್ತದೆ.

ಮೊದಲ ವಾರ ಸಿಟ್ಟು ಬಂದದ್ದು ನಿಜ. ಒಲೆ ಮೇಲೆ ಕಾವಲಿ ಕಾಯುತ್ತಿರುವಾಗ ಕೊಡೆ ಹಿಡಿದು ಅಂಗಳದಾಚೆ ಓಡಬೇಕಲ್ಲ! ಕೊನೆಗೆ ಯಜಮಾನರು ಹತ್ತು ನಿಮಿಷ ತಡವಾಗಿ ಹೊರಡುವುದು, ಅಷ್ಟು ಹೊತ್ತು ರೊಟ್ಟಿ ಅವರ ಪಾಲಿಗೆ ಎಂದು ತೀರ್ಮಾನವಾಯಿತು. ಆ ಏರ್ಪಾಡು ಇವತ್ತಿಗೂ ನಡೆಯುತ್ತಿದೆ.

ನಮ್ಮ ಮಳೆಮಾಪಕ ಇರುವುದು ಕಣದ ಆಚೆ, ಮರದ ಹನಿ ಬೀಳದ ಬಯಲು ಜಾಗದಲ್ಲಿ. ಮೇಲೊಂದು ಲಾಳಿಕೆ, ಒಳಗೊಂದು ಬಾಟಲಿ. ಲಾಳಿಕೆ ತೆಗೆದು ನೀರನ್ನು ಗ್ಲಾಸಿಗೆ ಸುರಿಯಬೇಕು. ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ನೀರು ಅಂಚಿನಲ್ಲಿ ಗಾಜಿಗೆ ಅಂಟಿ ಸ್ವಲ್ಪ ಮೇಲೇರಿ, ನಡುವೆ ಬಾಗಿರುತ್ತದೆ. ಓದಬೇಕಾದದ್ದು ಆ ಬಾಗಿದ ತಳವನ್ನು. ಅದಕ್ಕೆ ಕೈ ಅಲುಗಬಾರದು, ಅವಸರ ಮಾಡಬಾರದು. ಕೆಲವು ದಿನ ನೀರಿನಲ್ಲಿ ಒಂದು ಇರುವೆ, ಕೆಲವು ದಿನ ಸಿಲ್ವರ್ ಓಕಿನ ಸಣ್ಣ ಎಸಳು. ಅಷ್ಟು ಹೊತ್ತು ಉಸಿರು ಹಿಡಿದು ನಿಂತಾಗಲೇ ಸುತ್ತ ಏನೇನು ನಡೆಯುತ್ತಿದೆ ಎಂದು ಮೊದಲ ಬಾರಿ ಕಿವಿಗೆ ಬಿದ್ದದ್ದು. ಜೂನ್ ತಿಂಗಳ ಒಂದು ಬೆಳಿಗ್ಗೆ ತೋಡಿನ, ಅಂದರೆ ಸಣ್ಣ ಹಳ್ಳದ, ಕಡೆಯಿಂದ ಯಾರೋ ಹುಡುಗ ರಾಗ ಮರೆತು ಮರೆತು ಸಿಳ್ಳೆ ಹಾಕುತ್ತಿದ್ದ. ಇಷ್ಟು ಮಳೆಯಲ್ಲಿ ತೋಟದೊಳಗೆ ಯಾರು ಎಂದು ಮಾವನನ್ನು ಕೇಳಿದೆ. ಅದು ಸಿಳ್ಳಾರ ಹಕ್ಕಿ, ಮಳೆಗಾಲದಲ್ಲೇ ಹೆಚ್ಚು ಹಾಡುತ್ತದೆ, ಬೆಳಕು ಹರಿಯುವ ಮೊದಲೇ ಶುರು ಮಾಡುತ್ತದೆ ಎಂದರು. ಹದಿನೈದು ವರ್ಷ ಅದೇ ತೋಡಿನ ಪಕ್ಕದಲ್ಲಿ ಅದು ಹಾಡಿದೆ, ನಾನು ಮಿಕ್ಸಿಯ ಸದ್ದಿನಲ್ಲಿ ಇದ್ದೆ.

ಒಳಗೆ ಬಂದರೆ ಜಗಲಿಯಿಂದ ಒಂದೇ ಪ್ರಶ್ನೆ: “ಎಷ್ಟಾತ್?” ನಾನು ಹೇಳಿದ ಅಂಕಿ ಕೇಳಿ ಮಾವ ಕಣ್ಣು ಮುಚ್ಚಿಯೇ ಊರಿನ ಸ್ಥಿತಿ ಹೇಳುತ್ತಿದ್ದರು. ನಾಲ್ಕು ಇಂಚು ದಾಟಿದರೆ ಹೊಳೆಬದಿ ಗದ್ದೆಗೆ ನೀರು ಬಂದಿದೆ, ಆರು ದಾಟಿದರೆ ಭಾಗಮಂಡಲದಲ್ಲಿ ನದಿಗಳ ಸಂಗಮ ತುಂಬಿದೆ ಎಂದು ಅವರ ಲೆಕ್ಕ.

ಆ ವರ್ಷದ ಆಗಸ್ಟ್ ಹೇಗಿತ್ತೆಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ತಿಂಗಳ ನಡುವೆ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದವು. ನಮ್ಮ ಮನೆಗೆ ಏನೂ ಆಗಲಿಲ್ಲ. ಆದರೆ ಮನೆಯ ಹಿಂದೆ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇರುವ ಯಾರೂ ಆ ರಾತ್ರಿಗಳಲ್ಲಿ ಮಲಗಲಿಲ್ಲ. ಹೆಂಚಿನ ಮೇಲೆ ಮಳೆಯ ಸದ್ದು ಏರಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಬೆಳಕಾದರೆ ಏನು ಕಾಣಬೇಕಾಗುತ್ತದೋ ಎಂಬ ಭಯಕ್ಕೆ ಬಾಗಿಲು ತೆಗೆಯಲೇ ಮನಸ್ಸಾಗುತ್ತಿರಲಿಲ್ಲ. ಎರಡು ದಿನ ನಾನು ಮಳೆ ಅಳೆಯಲು ಹೋಗಲೇ ಇಲ್ಲ. ಮಾವ ಒಂದು ಮಾತೂ ಅನ್ನಲಿಲ್ಲ. ಮೂರನೆಯ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು, ತಲೆಯಿಂದ ಕಾಲಿನವರೆಗೆ ಒದ್ದೆ. ಕಾಣದ ಕಣ್ಣಲ್ಲಿ ಗೋಡೆ, ಬೇಲಿ ಹಿಡಿದುಕೊಂಡು ಹೋಗಿ ಬಾಟಲಿ ತಂದಿದ್ದರು. “ಮಗಳೇ, ಇಷ್ಟು ಓದಿಕೊಡು” ಎಂದರು. ಗ್ಲಾಸು ಮೂರು ಸಲ ತುಂಬಿ ಖಾಲಿಯಾಯಿತು, ನಾಲ್ಕನೆಯ ಸಲ ಗೆರೆಯ ಹತ್ತಿರ ನಿಂತಿತು. ನಾನು ಹೇಳಿದೆ, ಪುಸ್ತಕದಲ್ಲಿ ಬರೆದೆ. ರಾತ್ರಿಯಿಡೀ ಕೊನೆಯೇ ಇಲ್ಲವೆಂಬಂತೆ ಸುರಿದದ್ದು ಒಂದು ಸಾಲಿನಲ್ಲಿ ಮುಗಿದಿತ್ತು, ಕೆಳಗೆ ನಾಳೆಯ ತಾರೀಕಿಗೆ ಖಾಲಿ ಸಾಲು. ಮರುದಿನದಿಂದ ನಾನೇ ಹೋದೆ. ಭಯ ಹೋಗಿತ್ತು ಎಂದು ಹೇಳಲಾರೆ. ಆದರೆ ಬಾಗಿಲು ತೆಗೆಯಲು ಒಂದು ಕಾರಣವಿತ್ತು.

ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆ ಸೀಮೆಯಲ್ಲಿ. ಅಲ್ಲಿ ಮೋಡ ಕಂಡರೆ ಹೊರಗೆ ಓಡುತ್ತಾರೆ, ಇಲ್ಲಿ ಒಳಗೆ. ಆದರೂ ನನ್ನ ಅಜ್ಜಿಯಿಂದ ಕಲಿತ ಒಂದು ಸಂಗತಿ ಈ ಪುಸ್ತಕಕ್ಕೆ ಕೂಡಿಬಂತು. ಅಜ್ಜಿಗೆ ಮಳೆ ಎಂದರೆ ಬರೀ ಮಳೆಯಲ್ಲ, ಪ್ರತಿಯೊಂದಕ್ಕೂ ಹೆಸರಿತ್ತು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಿದ್ದಳು. ಮಖೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂಬ ಮಾತೂ ಅವಳದೇ ಬಾಯಲ್ಲಿ ಕೇಳಿದ್ದು. ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಮಾವನ ಅಂಕಿಯ ಪಕ್ಕದಲ್ಲಿ ನಾನು ಪೆನ್ಸಿಲಿನಲ್ಲಿ ಮಳೆಯ ಹೆಸರು ಬರೆಯತೊಡಗಿದೆ. ವರ್ಷವನ್ನು ಮಳೆಗಾಲ, ಚಳಿಗಾಲ, ಬೇಸಿಗೆಗಾಲ ಎಂದು ಮೂರು ತುಂಡು ಮಾಡಿದರೆ ನಾಲ್ಕು ತಿಂಗಳು ಒಂದೇ ಥರ ಕಾಣುತ್ತದೆ. ಹದಿನಾಲ್ಕು ದಿನಕ್ಕೊಮ್ಮೆ ಹೆಸರು ಬದಲಾದರೆ, ಏನು ಬದಲಾಯಿತು ಎಂದು ಕಣ್ಣು ತಾನಾಗಿ ಹುಡುಕುತ್ತದೆ. ಆರಿದ್ರೆಯಲ್ಲಿ ಜಿಗಣೆ, ಕಣಿಲೆ ಎಂಬ ಎಳೆ ಬಿದಿರು. ಪುಷ್ಯದಲ್ಲಿ ಬಟ್ಟೆ ಒಣಗದ ವಾಸನೆ, ಅದರ ಜೊತೆಗೆ ಕೆಸುವಿನ ಎಲೆ. ಆಗಸ್ಟ್ ಮೂರರ ಹೊತ್ತಿಗೆ ಆಟಿ ತಿಂಗಳ 18, ಕೊಡವರಿಗೆ ಕಕ್ಕಡ ತಿಂಗಳ 18. ಬೇಲಿಬದಿಯ ಮದ್ದುಸೊಪ್ಪನ್ನು ಅಂದು ಕೊಯ್ದು ಬೇಯಿಸಿದರೆ ನೀರು ಕಡುನೇರಳೆಯಾಗಿ ಮನೆಯಿಡೀ ಘಮ್ಮೆನ್ನುತ್ತದೆ. ತುಲಾ ಸಂಕ್ರಮಣ ಕಳೆದರೆ ಇಬ್ಬನಿ. ಆಮೇಲೆ ಹುತ್ತರಿ ಸುಗ್ಗಿಹಬ್ಬ, ಕಾಫಿ ಕೊಯ್ಲು, ಕಣದ ಕೆಲಸ. ಆ ತಿಂಗಳುಗಳಲ್ಲಿ ಪುಸ್ತಕದ ತುಂಬ ಸೊನ್ನೆ. ಸೊನ್ನೆಯಾದರೂ ಹೋಗಿ ನೋಡಿಯೇ ಬರೆಯಬೇಕೆಂಬುದು ಮಾವನ ಕಟ್ಟಪ್ಪಣೆ. ಹಾಗೆ ಹೋಗಿಯೇ ಇನ್ನೊಂದು ಗೊತ್ತಾಯಿತು: ಹಗಲು ಅತಿ ಚಿಕ್ಕದಾಗುವುದು ಡಿಸೆಂಬರ್ 21ರ ಸುಮಾರಿಗೆ, ಆದರೆ ನಮ್ಮಲ್ಲಿ ಸೂರ್ಯ ಎಲ್ಲಕ್ಕಿಂತ ತಡವಾಗಿ ಹುಟ್ಟುವುದು ಜನವರಿ ಕೊನೆಯ ಹೊತ್ತಿಗೆ. ಸಂಕ್ರಾಂತಿ ಕಳೆದರೂ ಆರೂವರೆಗೆ ಟಾರ್ಚು ಯಾಕೆ ಬೇಕು ಎಂದು ತಲೆ ಕೆಡಿಸಿಕೊಂಡು ಕ್ಯಾಲೆಂಡರಿನ ಸೂರ್ಯೋದಯದ ಅಂಕಿಗಳನ್ನು ಸಾಲಾಗಿ ನೋಡಿದಾಗ ಸಿಕ್ಕಿದ್ದು ಇದು.

ಇನ್ನು ಹೂಮಳೆ, ಕಾಫಿ ಹೂವು ಅರಳಿಸುವ ಮಳೆ. ಇದನ್ನು ಬರೆಯದಿದ್ದರೆ ಪತ್ರ ಅರ್ಧವೇ. ಫೆಬ್ರವರಿ, ಮಾರ್ಚಿನಲ್ಲಿ ರೋಬಸ್ಟಾ ಕಾಫಿ ಗಿಡ ಬಾಡಿ ಎಲೆ ಜೋತುಬಿಟ್ಟು ನಿಂತಿರುತ್ತದೆ. ಗೆಣ್ಣುಗೆಣ್ಣಿನಲ್ಲೂ ಮೊಗ್ಗು, ಆದರೆ ಬಿಗಿದುಕೊಂಡಿರುತ್ತದೆ. ಒಂದು ಇಂಚು ಮಳೆ ಬೀಳಬೇಕು. ಇಪ್ಪತ್ತು ಸೆಂಟು ಬಿದ್ದು ನಿಂತರೆ ಮೊಗ್ಗು ಅರಳಲಾರದೆ ಕೆಡುತ್ತದೆ. ಅದಕ್ಕೇ ಆ ದಿನಗಳಲ್ಲಿ ಸ್ಪ್ರಿಂಕ್ಲರ್ ಇಲ್ಲದ ಮನೆಯವರಿಗೆ ಗುಡುಗಿನ ಸದ್ದೂ ದೇವರ ಮಾತಿನಂತೆ. ಒಂದು ಇಂಚು ಎಂದರೆ ಒಂದು ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ನೀರು ಎಂದು ಮಗ ಲೆಕ್ಕ ಮಾಡಿ ತೋರಿಸಿದಾಗ ನಾನು ನಂಬಲಿಲ್ಲ, ಎರಡು ಸಲ ಮಾಡಿಸಿದೆ. ನಾನು ಪುಸ್ತಕ ಹಿಡಿದ ಮರುವರ್ಷ ಮಾರ್ಚಿನಲ್ಲಿ ಒಂದು ಇಂಚು ಹತ್ತು ಸೆಂಟು ಎಂದು ಓದಿ ಹೇಳಿದಾಗ ಮಾವ ಕುರ್ಚಿಯಿಂದ ಎದ್ದು ನಿಂತು ಕೈ ಮುಗಿದರು. ಒಂದು ವಾರ ಕಳೆದಿತ್ತು, ಬೆಳಿಗ್ಗೆ ಬಾಗಿಲು ತೆಗೆದರೆ ಮಲ್ಲಿಗೆ ಮಂಡಿಯ ಬಾಗಿಲು ತೆಗೆದ ಹಾಗೆ ಪರಿಮಳ ಮುಖಕ್ಕೆ ಬಡಿಯಿತು. ಕತ್ತಲು ಇನ್ನೂ ಪೂರ್ತಿ ಹೋಗಿರಲಿಲ್ಲ, ಆದರೂ ತೋಟ ಬೆಳ್ಳಗೆ ಕಾಣುತ್ತಿತ್ತು. ಗಿಡದ ಅಡ್ಡಕೊಂಬೆಗೆ ನಮ್ಮಲ್ಲಿ ರೆಕ್ಕೆ ಎನ್ನುತ್ತಾರೆ, ರೆಕ್ಕೆರೆಕ್ಕೆಯಲ್ಲೂ ದಾರಕ್ಕೆ ಪೋಣಿಸಿದ ಹಾಗೆ ಹೂವು. ಬೆಳಕು ಬಂದಂತೆ ಜೇನಿನ ಸದ್ದು ಶುರುವಾಯಿತು, ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಇಡೀ ತೋಟವೇ ತಂಬೂರಿಯಂತೆ. ಮಾವನನ್ನು ಕೈ ಹಿಡಿದು ಕರೆದುಕೊಂಡು ಬಂದೆ. ಕಣ್ಣು ಕಾಣದಿದ್ದರೂ ಒಂದು ರೆಕ್ಕೆಯನ್ನು ಮುಟ್ಟದೆ ಹತ್ತಿರದಿಂದ ಮೂಸಿ, ನಾಳೆ ಮಧ್ಯಾಹ್ನದವರೆಗೆ ಮಳೆ ಬರಬಾರದು ಎಂದರು. ಅರಳಿದ ಹೂವಿಗೆ ಮಳೆ ಹೊಡೆದರೆ ಕಾಯಿ ಕಟ್ಟುವುದಿಲ್ಲವಲ್ಲ. ಮೂರು ನಾಲ್ಕು ದಿನ, ಅಷ್ಟೇ. ಆಮೇಲೆ ಹೂವು ಕಂದು ಬಣ್ಣಕ್ಕೆ ತಿರುಗಿ ಉದುರುತ್ತದೆ. ಹದಿನೈದು ವರ್ಷ ಆ ಮೂರು ದಿನಗಳನ್ನು ನಾನು ಒಂಬತ್ತು ಗಂಟೆಯ ಬಿಸಿಲಿನಲ್ಲಷ್ಟೇ ಕಂಡಿದ್ದೆ.

ಮಾವನ ಕಣ್ಣಿನ ಆಪರೇಷನ್ ಆಗಿ ಈಗ ಚೆನ್ನಾಗಿ ಕಾಣುತ್ತದೆ, ಪತ್ರಿಕೆಯನ್ನು ಅಕ್ಷರ ಬಿಡದೆ ಓದುತ್ತಾರೆ. ಪುಸ್ತಕ ವಾಪಸು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ನಾನೂ ಹೆಚ್ಚು ಒತ್ತಾಯ ಮಾಡಲಿಲ್ಲ.

ಸಂಪಾದಕರೇ, ಈಗ ನನ್ನ ಬೇಡಿಕೆ. ಮಳೆಗಾಲದಲ್ಲಿ ನಿಮ್ಮ ಪತ್ರಿಕೆಯಲ್ಲಿ ದಿನವೂ ಮಳೆಯ ಪಟ್ಟಿ ಬರುತ್ತದೆ. ನಮ್ಮ ಮನೆಯಲ್ಲಿ ಮೊದಲು ಓದುವುದು ಅದನ್ನೇ. ಅಕ್ಟೋಬರ್ ಬಂತೆಂದರೆ ಪಟ್ಟಿ ನಿಂತುಹೋಗುತ್ತದೆ, ಈ ವರ್ಷವೂ ನಿಂತಿತು. ದಯವಿಟ್ಟು ಅದನ್ನು ವರ್ಷಪೂರ್ತಿ ಹಾಕಿ, ಸೊನ್ನೆ ಇದ್ದರೂ ಸರಿ. ಹೂಮಳೆಯ ಕಾಲದಲ್ಲಿ ಪಕ್ಕದ ಊರಿಗೆ ಎಷ್ಟು ಬಿತ್ತು ಎಂದು ತಿಳಿಯಲು ನಾವು ಹತ್ತು ಜನಕ್ಕೆ ಫೋನು ಮಾಡುತ್ತೇವೆ. ಪಟ್ಟಿಯ ಕೆಳಗೆ ನಾಲ್ಕು ಬೆರಳು ಜಾಗ ಓದುಗರಿಗೆ ಬಿಡಿ: ಇಂದು ಬೆಳಿಗ್ಗೆ ಅಂಗಳದಲ್ಲಿ ಏನು ಕಂಡಿತು, ಒಂದೇ ಸಾಲು. ಊರಿನ ಹೆಸರು ಸಾಕು. ಅಡುಗೆಮನೆಯಲ್ಲಿರುವ ಹೆಂಗಸರು ಬರೆಯುತ್ತಾರೆ ಎಂಬ ಭರವಸೆ ನನಗಿದೆ, ಬರೆಯಬೇಕೆಂದರೆ ಹೊರಗೆ ಬರಲೇಬೇಕಲ್ಲ.

ಮಳೆಮಾಪಕ ಇಲ್ಲದವರಿಗೆ ಒಂದು ಮಾತು. ನೇರ ಬದಿಯ ಡಬ್ಬಿ, ಅಂದರೆ ಬಾಯಿ ಮತ್ತು ತಳ ಒಂದೇ ಅಗಲ ಇರುವಂಥದ್ದು, ಮರದಿಂದ ದೂರ ಬಯಲಲ್ಲಿಟ್ಟು ಮಕ್ಕಳ ಸ್ಕೇಲಿನಿಂದ ನೀರಿನ ಆಳ ಅಳೆದರೆ ಅದೇ ಮಳೆಯ ಲೆಕ್ಕ. ಶಾಲೆಗಳ ಮಾಸ್ತರರು, ಟೀಚರುಗಳು ಇದನ್ನು ಪ್ರಾರ್ಥನೆಗೆ ಮೊದಲು ಸರದಿಯ ಮೇಲೆ ಮಕ್ಕಳಿಂದ ಮಾಡಿಸಿದರೆ ಐದು ನಿಮಿಷದ ಕೆಲಸ.

ಮೊದಲ ಸಾಲು ನಾನೇ ಕಳುಹಿಸುತ್ತಿದ್ದೇನೆ. ಚೇರಂಬಾಣೆ, ಬೆಳಿಗ್ಗೆ 6.30: 35 ಸೆಂಟು, ಸ್ವಾತಿ ಮಳೆ. ಕಣದ ಮೇಲೆ ಮಂಜು. ಗೇಟಿನ ಪಕ್ಕದ ಅರೇಬಿಕಾ ಗಿಡದಲ್ಲಿ ಏಳು ಹಣ್ಣು ಕೆಂಪಾಗಿವೆ, ನಿನ್ನೆ ನಾಲ್ಕಿದ್ದವು.

ಇತಿ,
ತಮ್ಮ ಓದುಗಾರ್ತಿ,
ಚೇರಂಬಾಣೆ, ಕೊಡಗು