ಹಿಮದ ಇಳಿಜಾರಿನಲ್ಲಿ ಹಿಂದಕ್ಕೆ ವಾಲಬೇಡ

ಚಿಕ್ಕಮಗಳೂರು

ಪ್ರಿಯ ಗೆಳೆಯಾ,

ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಕಲಿಯಲು ಉತ್ತರಾಖಂಡದ ಔಲಿಗೆ ಹೊರಟಿದ್ದೀಯೆಂದು ತಿಳಿದು ಸಂತೋಷವಾಯಿತು. ಮೂಡಿಗೆರೆಯ ಮಳೆಯಲ್ಲಿ ಬೆಳೆದವನಿಗೆ ಈ ವಯಸ್ಸಿನಲ್ಲಿ ಹಿಮದ ಹುಚ್ಚು ಹಿಡಿದದ್ದು ಒಳ್ಳೆಯದೇ. ನಿನ್ನ ಮೈತೂಕಕ್ಕೆ ನೀನು ಎಲ್ಲರಿಗಿಂತ ರಭಸವಾಗಿ ಜಾರಿಬಿಡುವೆಯಾ ಎಂದು ಕೇಳಿದ್ದೀಯೆ.

ಇಲ್ಲ. ಗುರುತ್ವದ ಒಂದು ಪಾಲು ನಿನ್ನನ್ನು ಇಳಿಜಾರಿನಗುಂಟ ಎಳೆಯುತ್ತದೆ; ಇನ್ನೊಂದು ಪಾಲು ಹಿಮಕ್ಕೆ ಒತ್ತಿ ಹಿಡಿಯುತ್ತದೆ. ಆ ಒತ್ತಡಕ್ಕೆ ತಕ್ಕಷ್ಟು ಘರ್ಷಣೆ ಹುಟ್ಟುತ್ತದೆ. ತೂಕ ಹೆಚ್ಚಿದರೆ ಎಳೆತ, ಘರ್ಷಣೆ, ಚಲಿಸಬೇಕಾದ ದ್ರವ್ಯರಾಶಿ ಮೂರೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ಹಾಗಾಗಿ ಲೆಕ್ಕದಲ್ಲಿ ತೂಕ ಹೊಡೆದುಹೋಗುತ್ತದೆ. ಇಳಿಜಾರು 10 ಡಿಗ್ರಿ, ಘರ್ಷಣೆಯ ಗುಣಾಂಕ, ಅಂದರೆ ಆ ಒತ್ತಡದಲ್ಲಿ ಘರ್ಷಣೆಯ ಪಾಲು, 0.05 ಎಂದಿಟ್ಟುಕೋ. ಸುಮ್ಮನೆ ನಿಂತರೂ ಐದು ಸೆಕೆಂಡಿನಲ್ಲಿ ಗಂಟೆಗೆ ಸುಮಾರು 22 ಕಿ.ಮೀ. ವೇಗ ಬಂದಿರುತ್ತದೆ, ನಿನಗೂ, ನಿನ್ನ ಮುಂದೆ ಜಾರುವ ಪುಟ್ಟ ಹುಡುಗಿಗೂ. ನನಗೆ ಹೆದರಿಕೆ ಹುಟ್ಟಿಸುವುದು ಈ ಸಂಖ್ಯೆಯೇ ಹೊರತು ನಿನ್ನ ತೂಕವಲ್ಲ.

ಭಾರದವರಿಗೆ ಅನುಕೂಲ ಸಿಗುವುದು ಗಾಳಿಯಿಂದ. ವೇಗ ಐದು ಪಟ್ಟಾದರೆ ಗಾಳಿಯ ತಡೆ ಇಪ್ಪತ್ತೈದು ಪಟ್ಟಾಗುತ್ತದೆ, ಆದರೆ ಅದು ತೂಕವನ್ನು ನೋಡುವುದಿಲ್ಲ, ಮೈಯ ಆಕಾರವನ್ನು ನೋಡುತ್ತದೆ; ಹಾಗಾಗಿ ರಭಸ ಹೆಚ್ಚಿದಾಗ ಭಾರದವರನ್ನು ಅದು ಕಡಿಮೆ ತಡೆಯುತ್ತದೆ. 2023ರಲ್ಲಿ ಫ್ರಾನ್ಸಿನ ಸ್ಕೀ ಆಟಗಾರ ಸಿಮೋನ್ ಬಿಲ್ಲಿ ಗಂಟೆಗೆ 255.5 ಕಿ.ಮೀ. ವೇಗ ಮುಟ್ಟಿದ್ದು ಮೈಯನ್ನು ಮುದುಡಿಕೊಂಡೇ. ನಿನಗೆ ಸದ್ಯಕ್ಕೆ ಆ ಚಿಂತೆ ಬೇಡ.

ಹಿಮ ಅಷ್ಟು ನುಣುಪಾಗುವುದಕ್ಕೆ ಒಂದು ಕಾರಣ ಘರ್ಷಣೆಯೇ! ಸ್ಕೀ ಉಜ್ಜಿದಾಗ ಹುಟ್ಟುವ ಶಾಖಕ್ಕೆ ಹಿಮದ ಹರಳುಗಳ ತುದಿ ಕರಗಿ ತೆಳುವಾದ ನೀರಿನ ಪದರವಾಗುತ್ತದೆ. ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು 1939ರಲ್ಲೇ ಈ ವಿವರಣೆ ಕೊಟ್ಟಿದ್ದರು. ಚಳಿ ವಿಪರೀತವಾದರೆ ನೀರು ಸಾಲದೆ ಹಿಮ ಮರಳಿನಂತೆ ಹಿಡಿಯುತ್ತದೆ; ಬಿಸಿಲಿಗೆ ನೀರು ಹೆಚ್ಚಾದರೆ ಸ್ಕೀಯ ತಳ ಅಂಟಿಕೊಳ್ಳುತ್ತದೆ. ಸ್ಕೀಯ ತಳಕ್ಕೆ ಮೇಣ ಹಚ್ಚುವಾಗ ಹವೆ ನೋಡುವುದು ಇದಕ್ಕೇ.

ಈಗ ಮುಖ್ಯ ವಿಷಯ. ಮಳೆಗಾಲದಲ್ಲಿ ತೋಟದ ಇಳಿಜಾರು ಇಳಿಯುವಾಗ ನಾವು ಹಿಮ್ಮಡಿ ಊರಿ ಹಿಂದಕ್ಕೆ ವಾಲುತ್ತೇವಲ್ಲ, ನಿನ್ನ ಕಾಲಿಗೆ ಆ ಅಭ್ಯಾಸ ರಕ್ತಗತ. ಹಿಮದಲ್ಲಿ ಅದು ಬೀಳಿಸುತ್ತದೆ. ತೋಟದಲ್ಲಿ ಕಾಲು ನಿಲ್ಲುತ್ತದೆ, ಆದ್ದರಿಂದ ಸಿಲ್ವರ್ ಓಕ್ ಮರ ನಿಂತ ದಿಕ್ಕೇ ನಮಗೂ ನೆಟ್ಟಗೆ. ಜಾರುತ್ತಾ ವೇಗ ಹೆಚ್ಚುತ್ತಿರುವವನಿಗೆ ಹಾಗಲ್ಲ. ಘರ್ಷಣೆ ಅತ್ಯಲ್ಪವಾದ್ದರಿಂದ ಅವನ ಸಮತೋಲನದ ರೇಖೆ ಇಳಿಜಾರಿಗೇ ಹೆಚ್ಚುಕಡಿಮೆ ಲಂಬವಾಗಿರುತ್ತದೆ. ಎಂದರೆ ಮೈ ಕಣಿವೆಯ ಕಡೆಗೆ ಬಾಗಿರಬೇಕು, ಮೊಣಕಾಲು ಮಡಚಿ, ಮೊಣಕಾಲ ಕೆಳಗಿನ ಮುಂಗಾಲನ್ನು ಬೂಟಿಗೆ ಒತ್ತಿ. ಹೆದರಿ ಹಿಂದೆ ವಾಲಿದೆಯೋ, ಸ್ಕೀಯ ಮುಂತುದಿಯ ಮೇಲಿನ ಭಾರ ತಪ್ಪಿ ಅದು ತಿರುಗಿಸಿದತ್ತ ತಿರುಗುವುದಿಲ್ಲ.

ತಿರುವಿನಲ್ಲಿ ಹೊರಗಿನ ಕಾಲಿಗೆ ಭಾರ ಕೊಟ್ಟು, ಸ್ಕೀಯ ಒಳಅಂಚನ್ನು ಹಿಮಕ್ಕೆ ಕಚ್ಚಿಸು. ಆಗ ಹಿಮವೇ ನಿನ್ನನ್ನು ತಿರುವಿನ ಒಳಕ್ಕೆ ತಳ್ಳುತ್ತದೆ. ವೇಗ ತಗ್ಗಿಸಲು ಮುಂತುದಿಗಳನ್ನು ಹತ್ತಿರ ತಂದು ಹಿಂತುದಿಗಳನ್ನು ಅಗಲಿಸು. ಇದನ್ನು ಮೊದಲ ದಿನವೇ ಕಲಿಸುತ್ತಾರೆ; ಬೇಸರವೆಂದು ತಪ್ಪಿಸಿಕೊಳ್ಳಬೇಡ.

ಬೂಟು ಬಾಡಿಗೆಗೆ ಕೊಡುವವರು ತೂಕ ಕೇಳಿದರೆ ಮಾತ್ರ ನಿಜ ಹೇಳು. ಬಿದ್ದಾಗ ಬೂಟು ಸ್ಕೀಯಿಂದ ಕಳಚಿಕೊಳ್ಳಬೇಕಾದ ಬಿಗಿತವನ್ನು ತೂಕವನ್ನೂ ನೋಡಿ ಹೊಂದಿಸುತ್ತಾರೆ.

ನಿನ್ನ ಗೆಳೆಯ