ಪಾಲಿಕೆ ಸದಸ್ಯರ ಆಸ್ತಿ ವಿವರ ಜನರಿಗೂ ಸಿಗಲಿ

ಮಾನ್ಯರೇ,

ಮಹಾನಗರ ಪಾಲಿಕೆ ಸದಸ್ಯರು ವರ್ಷವರ್ಷ ಕೊಡಬೇಕಾದ ಆಸ್ತಿ ವಿವರ ಮತದಾರರಿಗೆ ಸುಲಭವಾಗಿ ಸಿಗುವುದಿಲ್ಲ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಪ್ರಕಾರ ಅವರು ಆಸ್ತಿ ಘೋಷಿಸಲೇಬೇಕು. ಸರ್ಕಾರಿ ನೌಕರರಿಗೂ ನಡತೆ ನಿಯಮದಲ್ಲಿ ಈ ಕಟ್ಟುಪಾಡು ಇದೆ. ವಿಧಾನಸಭೆಗೆ ಸ್ಪರ್ಧಿಸಿದವರ ಪ್ರಮಾಣಪತ್ರವನ್ನು ನಾವು ಮನೆಯಲ್ಲೇ ಕೂತು ಮೊಬೈಲಿನಲ್ಲಿ ನೋಡಬಹುದು. ಆದರೆ ನಮ್ಮ ಬೀದಿಯ ಚರಂಡಿ, ರಸ್ತೆ, ಕಟ್ಟಡ ಪರವಾನಗಿ ನೋಡಿಕೊಳ್ಳುವವರ ವಿವರ ಬೇಕೆಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕಾಯಬೇಕು. ಇದು ಸರಿಯಲ್ಲ ಅಲ್ವಾ? ಕಡತದೊಳಗೆ ಸುಮ್ನೆ ಮಲಗಿದ ಕಾಗದ ಯಾರನ್ನೂ ತಡೆಯುವುದಿಲ್ಲ.

ಈ ವಿವರಗಳನ್ನು ಪಾಲಿಕೆಯ ವೆಬ್‌ಸೈಟ್‌ ಮತ್ತು ವಾರ್ಡ್ ಕಚೇರಿಯ ಫಲಕದಲ್ಲಿ ಕನ್ನಡದಲ್ಲೇ ಹಾಕಲಿ. ಹತ್ತಿರದ ಸಂಬಂಧಿಕರ ಕೈಯಲ್ಲಿ ಪಾಲಿಕೆ ಗುತ್ತಿಗೆ ಇದ್ದರೆ, ಅದನ್ನು ತಿಳಿಸಲು ನಮೂನೆಯಲ್ಲಿ ಒಂದು ಕಾಲಂ ಸೇರಿಸಲಿ.

– ಒಬ್ಬ ತೆರಿಗೆದಾರ, ಮೈಸೂರು