ಪುಟ್ಟಿಗೆ ಕುರಿಗಳನ್ನು ಕಳಿಸುತ್ತಿದ್ದೇನೆ

ಮಗಳೇ,

ನಾಲ್ಕು ವರ್ಷದ ಮಗುವಿಗೆ ಯೇಸುಸ್ವಾಮಿ ಬಗ್ಗೆ ಹೇಗಮ್ಮಾ ಹೇಳಿಕೊಡೋದು ಅಂತ ಫೋನಲ್ಲಿ ಕೇಳಿದ್ದೆಯಲ್ಲ, ಕುಕ್ಕರ್ ಕೂಗುತ್ತಿತ್ತು, ಸರಿಯಾಗಿ ಮಾತಾಡೋಕೆ ಆಗಲಿಲ್ಲ. ಈಗಲೇ ಹೇಳಿಕೊಡೋಕೆ ಹೋಗಬೇಡ. ಕಥೆಯನ್ನು ಅವಳ ಕೈಗೆ ಕೊಡು, ಆಡಿಕೊಳ್ಳಲಿ. ಧರ್ಮೋಪದೇಶದ ಕ್ಲಾಸು, ಜಪ ಬಾಯಿಪಾಠ ಎಲ್ಲ ಆಮೇಲೆ ಇದ್ದೇ ಇದೆ.

ದಸರಾ ರಜೆಗೆ ಪುಟ್ಟಿ ಇಲ್ಲಿದ್ದಾಗ ನಾನು ಮಾಡಿದ್ದು ಇಷ್ಟೇ. ಹಳೇ ಹಸಿರು ಬ್ಲೌಸ್ ಪೀಸ್ ಹಾಸಿದೆ, ಅದು ಹುಲ್ಲು. ಐಸ್‌ಕ್ರೀಂ ಕಡ್ಡಿಗಳಿಂದ ಒಂದು ಹಟ್ಟಿ. ರಟ್ಟು ಕತ್ತರಿಸಿ ಹತ್ತಿ ಅಂಟಿಸಿದ ಕುರಿಗಳು. ನೆಲದ ಮೇಲೆ ಕೂತು, ಅವಳ ಮುಖ ನೋಡದೆ ಕುರಿಗಳನ್ನೇ ನೋಡುತ್ತಾ, ನಿಧಾನಕ್ಕೆ ಒಂದೊಂದನ್ನೇ ನಡೆಸಿಕೊಂಡು, ಯೇಸುಸ್ವಾಮಿ ಹೇಳಿದ ಕಳೆದುಹೋದ ಕುರಿಯ ಕಥೆ ಹೇಳಿದೆ, ಅದೇ, ನೂರು ಕುರಿಯಲ್ಲಿ ಒಂದು ತಪ್ಪಿಸಿಕೊಂಡಾಗ ಕುರುಬ ಅದನ್ನು ಹುಡುಕಿ ಹೆಗಲ ಮೇಲೆ ಹೊತ್ತು ತರುತ್ತಾನಲ್ಲ, ಅದು. ನಾವು ಮುಖ ನೋಡಿದರೆ ಮಕ್ಕಳು ಕಥೆ ಬಿಟ್ಟು ನಮ್ಮನ್ನು ಮೆಚ್ಚಿಸೋಕೆ ಶುರು ಮಾಡುತ್ತಾರೆ. ಮುಗಿದ ಮೇಲೆ ಸುಮ್ಮನಾದೆ. ಅವಳೂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜೀ, ಮಿಕ್ಕ ಕುರಿಗಳನ್ನ ಯಾರು ನೋಡ್ಕೋತಾರೆ?" ಅಂದಳು. ಬೈಬಲ್ಲಿನಲ್ಲಿ ಲೂಕನ 15ನೇ ಅಧ್ಯಾಯ ತೆಗೆದು ನೋಡು, ತೊಂಬತ್ತೊಂಬತ್ತನ್ನು ಅಡವಿಯಲ್ಲೇ ಬಿಟ್ಟು ಹೋಗುತ್ತಾನೆ ಅಂತ ಇದೆ, ಅವುಗಳ ಗತಿ ಏನು ಅಂತ ಇಲ್ಲ! ಎಷ್ಟೋ ಪ್ರಸಂಗ ಕೇಳಿದ್ದೀನಿ, ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. "ಹೌದಲ್ವಾ, ಯಾರು ನೋಡ್ಕೋತಾರೋ" ಅಂದೆ ಅಷ್ಟೇ. ಎದ್ದು ಹೋಗಿ ತನ್ನ ಆಟಿಕೆ ಆಟೋ ತಂದು ಹಟ್ಟಿ ಬಾಗಿಲಿಗೆ ಅಡ್ಡ ನಿಲ್ಲಿಸಿದಳು.

ಇದು ನನ್ನ ತಲೆಯಿಂದ ಬಂದಿದ್ದಲ್ಲ. ರೋಮ್‌ನಲ್ಲಿ ಸೋಫಿಯಾ ಕವಲೆಟ್ಟಿ ಅಂತ ಬೈಬಲ್ ವಿದ್ವಾಂಸೆ ಇದ್ದರು, 1954ರಲ್ಲಿ ಮಾಂಟೆಸ್ಸರಿ ಶಿಕ್ಷಕಿ ಜಾನ್ನಾ ಗೊಬ್ಬಿ ಜೊತೆ ಸೇರಿ ಮಕ್ಕಳಿಗೆ ಹೀಗೆ ಕಥೆ ಕೊಡೋಕೆ ಶುರು ಮಾಡಿದರು. ಆರು ವರ್ಷದೊಳಗಿನ ಮಕ್ಕಳು ಮತ್ತೆ ಮತ್ತೆ ಹಿಡಿದುಕೊಂಡಿದ್ದು ಒಳ್ಳೆಯ ಕುರುಬನ ಕಥೆಯನ್ನೇ ಅಂತೆ. ಆಮೇಲೆ ಅಮೆರಿಕದ ಜೆರೋಮ್ ಬೆರಿಮನ್ ಅನ್ನೋ ಪಾದ್ರಿ ಇದನ್ನೇ ಮುಂದುವರಿಸಿ ಗಾಡ್ಲಿ ಪ್ಲೇ ಅನ್ನೋ ಪದ್ಧತಿ ಮಾಡಿದರು. ಅದರಲ್ಲಿ ಕಥೆ ಆದ ಮೇಲೆ ಕೇಳೋ ಪ್ರಶ್ನೆಗಳಿಗೆ ಸರಿ ಉತ್ತರ, ತಪ್ಪು ಉತ್ತರ ಅಂತಿಲ್ಲ. ಒಂಟಿಯಾದ ಆ ಕುರಿಗೆ ಏನನ್ನಿಸಿರಬಹುದು? ಈ ಕಥೆಯಲ್ಲಿ ನೀನೆಲ್ಲಿದ್ದೀಯ? ಅಷ್ಟೇ. "ಇದರಿಂದ ಏನು ಕಲಿತೆ ಪುಟ್ಟಾ" ಅಂತ ಮಾತ್ರ ಕೇಳಬೇಡ ಕಣೇ, ಆಟ ಅಲ್ಲಿಗೇ ಪರೀಕ್ಷೆ ಆಗಿಬಿಡುತ್ತೆ. "ಊಟ ಮಾಡದಿದ್ದರೆ ಯೇಸುಸ್ವಾಮಿ ನೋಡ್ತಾರೆ" ಅಂತ ಹೆದರಿಸೋದೂ ಬೇಡ. ನಿಮ್ಮತ್ತೆಗೂ ಇದನ್ನು ಮೆಲ್ಲಗೆ ಹೇಳು, ನನ್ನ ಹೆಸರು ಎತ್ತಬೇಡ.

ನೀನೂ ನಿನ್ನ ತಮ್ಮನೂ ನನ್ನ ದುಪಟ್ಟಾ ಹೊದ್ದು ಫಾದರ್ ಆಟ ಆಡುತ್ತಿದ್ದದ್ದು ನೆನಪಿದೆಯಾ? ಚರ್ಚಿನಲ್ಲಿ ಫಾದರ್ ಪ್ರಸಾದ ಕೊಡೋ ಹಾಗೆ ಮಾರಿ ಬಿಸ್ಕತ್ತು ಚೂರು ಮಾಡಿ ಎಲ್ಲರ ನಾಲಿಗೆ ಮೇಲೆ ಇಡುತ್ತಿದ್ದಿರಿ. ಪೂಜೆನ ತಮಾಷೆ ಮಾಡ್ತೀರಾ ಅಂತ ನಿಮ್ಮಜ್ಜಿ ರೇಗುತ್ತಿದ್ದರು. ನನಗೇನೋ ಅದು ತಮಾಷೆ ಅನ್ನಿಸುತ್ತಿರಲಿಲ್ಲ. ಚರ್ಚಿನಲ್ಲಿ ಒಂದು ನಿಮಿಷ ಸುಮ್ಮನೆ ಕೂರದ ನಿನ್ನ ತಮ್ಮ, ಆ ಆಟದಲ್ಲಿ ಬಾಗಿ ಕೈ ಮುಗಿದುಕೊಂಡು ತನ್ನ ಸರದಿಗೆ ಕಾಯುತ್ತಿದ್ದ.

ಕ್ರಿಸ್ಮಸ್ಸಿಗೆ ಈ ಸಲ ಗೋದಲಿಯನ್ನು, ಯೇಸುಸ್ವಾಮಿ ಹುಟ್ಟಿದ ಕೊಟ್ಟಿಗೆಯ ಬೊಂಬೆ ಜೋಡಣೆಯನ್ನು, ಅವಳ ಕೈಗೆ ಎಟುಕೋ ಹಾಗೆ ನೆಲದ ಮೇಲೇ ಕಟ್ಟು. ಶೋಕೇಸಿನಲ್ಲಿಟ್ಟು ಮುಟ್ಟಬೇಡ ಅಂದರೆ ಏನು ಬಂತು? ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಊರಲ್ಲಿ ಗೋದಲಿ ಮಾಡಿದಾಗ ನಿಜವಾದ ಎತ್ತು, ಕತ್ತೆಯನ್ನೇ ತಂದು ನಿಲ್ಲಿಸಿದ್ದರು. ಹತ್ತು ಹನ್ನೆರಡು ದಿನ ಮೊದಲೇ ಒಂದು ತಟ್ಟೆಯಲ್ಲಿ ಮಣ್ಣು ಹಾಕಿ ಅವಳ ಕೈಯಿಂದಲೇ ರಾಗಿ ಚೆಲ್ಲಿಸು, ಹಬ್ಬದ ಹೊತ್ತಿಗೆ ಹಸಿರು ಬಂದಿರುತ್ತೆ. ಬಾಲಯೇಸುವನ್ನು 24ರ ರಾತ್ರಿವರೆಗೂ ಇಡಬೇಡ, ಖಾಲಿ ತೊಟ್ಟಿಲು ನೋಡಿ ಕಾಯಲಿ. ಬಾಲಯೇಸುವನ್ನು ನೋಡೋಕೆ ದೂರದಿಂದ ಬಂದ ಮೂರು ರಾಜರ ಬೊಂಬೆಗಳನ್ನು ಫ್ರಿಜ್ಜಿನ ಹತ್ತಿರದಿಂದ ಹೊರಡಿಸು, ದಿನಾ ಸ್ವಲ್ಪ ಸ್ವಲ್ಪ ನಡೆಸಿಕೊಂಡು ಜನವರಿ 6ಕ್ಕೆ ಗೋದಲಿ ಮುಟ್ಟಿಸಲಿ. ಮಧ್ಯೆ ಸೋಫಾ ಕೆಳಗೆ ದಾರಿ ತಪ್ಪಿದರೂ ಪರವಾಗಿಲ್ಲ.

ಕುರಿಗಳನ್ನು ನಿನ್ನ ತಮ್ಮನ ಕೈಲಿ ಕಳಿಸುತ್ತೇನೆ. ಒಂದರ ಕಾಲು ಮುರಿದಿದೆ, ಸರಿ ಮಾಡೋಕೆ ಹೋಗಬೇಡ, ಕುರುಬನ ಹೆಗಲ ಮೇಲೆ ಅದನ್ನೇ ಕೂರಿಸಬೇಕು ಅಂತ ಪುಟ್ಟಿ ಅವತ್ತೇ ಹೇಳಿಬಿಟ್ಟಿದ್ದಾಳೆ. ರಾಗಿ ಅಲ್ಲೇ ತಗೋತೀಯಾ, ಇಲ್ಲ ಇಲ್ಲಿಂದಲೇ ಒಂದು ಪಾವು ಕಟ್ಟಿಕೊಡಲಾ?

ಅಮ್ಮ